ಫುಲ್‌ಸ್ಟಾಪ್ ತನಕ

ನನಗೆ ಸಿಟ್ಟು ಬೇಗ ಬರುತ್ತದೆ. ನಮ್ಮ ಹೆಡ್‌ಮಾಸ್ಟರ್ ಶಂಕರಲಿಂಗಪ್ಪನವರನ್ನು ಕಂಡರೆ ಇನ್ನೂ ಬೇಗ. ಅವರು ಗಣಿತದ ಮೇಷ್ಟ್ರು. ಎಸ್ಸೆಸ್ಸೆಲ್ಸಿ ರಿಸಲ್ಟ್ ನೂರಕ್ಕೆ ನೂರು ಬರಬೇಕು ಅನ್ನುವುದೊಂದೇ ಅವರ ಜಪ. ಐ.ಡಿ.ಹಳ್ಳಿ ಆಚೆಯ ಈ ಹೈಸ್ಕೂಲಿಗೆ ನಾನು ಇಂಗ್ಲಿಷ್ ಟೀಚರಾಗಿ ಬಂದ ದಿನವೇ ಉಪದೇಶ ಮಾಡಿದರು.

"ಪ್ಯಾಸೇಜ್ ಓದಿಸ್ತಾ ಕೂರಬೇಡಿ ವನಜಾಕ್ಷಿ. ಪ್ರಶ್ನೇಲಿರೋ ಪದಾನ ಪ್ಯಾಸೇಜಲ್ಲಿ ಹುಡುಕ್ಲಿ. ಸಿಕ್ಕಿದ ಸಾಲನ್ನ ಫುಲ್‌ಸ್ಟಾಪ್ ತನಕ ಇಳಿಸ್ಲಿ. ಮಾರ್ಕ್ಸ್ ಜೇಬಲ್ಲಿ."

ನಾನು ಕೇಳಲಿಲ್ಲ. ಬೆಳಗಿನ ಸ್ಪೆಷಲ್ ಕ್ಲಾಸಲ್ಲಿ ಓದಿಸುತ್ತಿದ್ದೆ. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ ಆಡುವ ಮಕ್ಕಳಿಗೆ ಒಂದು ಪ್ಯಾರಾ ಅರ್ಥವಾಗಲು ಇಡೀ ಪೀರಿಯಡ್ ಬೇಕಾಗುತ್ತಿತ್ತು. ಪುಣ್ಯಾತ್ಮ ಆ ಕ್ಲಾಸನ್ನೇ ಕಿತ್ತುಕೊಂಡು ತಾವೇ ಪದ ಹುಡುಕುವ ವಿದ್ಯೆ ಕಲಿಸಿದರು. ಹತ್ತನೇ ಕ್ಲಾಸಿನ ವರಲಕ್ಷ್ಮಿಗೆ ಅದು ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ಸಲೀಸಾಯಿತು. ಪ್ರೇಯರಿನಲ್ಲಿ ಅವಳಿಗೆ ಚಪ್ಪಾಳೆ ಹೊಡೆಸಿದರು. ನನಗೆ ಮೈಯೆಲ್ಲಾ ಉರಿಯಿತು.

ಮೊನ್ನೆ ಸೋಮವಾರ ಅವಳ ಅಜ್ಜಿ ಹನುಮಕ್ಕ ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ಇಂಗ್ಲಿಷ್ ಚೀಟಿ ಅಂಟಿಸಿದ ಔಷಧಿ ಬಾಟಲಿ. ಹಿಂದೆ ವರಲಕ್ಷ್ಮಿ, ಅತ್ತು ಊದಿದ ಮುಖ.

"ಮೇಕೆಗೆ ಜಂತಿನ ಔಷ್ದಿ ಕಣಮ್ಮ, ಪಾವಗಡದಿಂದ ತಂದಿದ್ದೆ. ಎಷ್ಟು ಕುಡಿಸ್ಬೇಕು ಓದೇ ಅಂದೆ. ಇವಳು ಹೇಳಿದ್ಳು, ಅಷ್ಟೇ ಕುಡಿಸ್ದೆ. ಗಬ್ಬದ ಮೇಕೆ, ಕಂದಾಕ್ಬುಡ್ತು. ಎರಡು ಮರೀನೂ ಹೋದ್ವು. ಗಬ್ಬದ್ದಕ್ಕೆ ಕೊಡ್ಬಾರ್ದು ಅಂತ ಇದ್ರಾಗೇ ಬರ್ದೈತಂತೆ, ಡಾಕ್ಟ್ರು ಬೈದ್ರು. ಇಂಥಾ ಓದು ಯಾಕೆ? ಇವಳು ಇನ್ಮೇಲೆ ಸ್ಕೂಲ್ಗೆ ಬರಾಕಿಲ್ಲ. ಕಡ್ಲೆಕಾಯಿ ಬಿಡ್ಸಾಕೆ ಹೋಗ್ಲಿ."

"ಗೋಟ್ ಅನ್ನೋ ಪದ ಹುಡುಕ್ದೆ ಮಿಸ್," ಅಂದಳು ವರಲಕ್ಷ್ಮಿ. "ಆ ಸಾಲು ಫುಲ್‌ಸ್ಟಾಪ್ ತನಕ ಓದ್ದೆ."

ಬಾಟಲಿ ಇಸಿದುಕೊಂಡೆ. ಇಬ್ಬರನ್ನೂ ಕರೆದುಕೊಂಡು ಸೀದಾ ಹೆಡ್‌ಮಾಸ್ಟರ್ ರೂಮಿಗೆ ನುಗ್ಗಿದೆ. ಏನಾಯಿತೆಂದು ಹೇಳಲಿಲ್ಲ. ಬಾಟಲಿಯನ್ನು ಮುಂದಿಟ್ಟು, "ಮೇಕೆಗೆ ಎಷ್ಟು ಕುಡಿಸಬೇಕಂತೆ, ಓದಿ ಹೇಳಿ ಸಾರ್," ಅಂದೆ.

ಕನ್ನಡಕ ಏರಿಸಿದರು. ಚೀಟಿಯ ಮೇಲೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು. ತೂಕಕ್ಕೆ ಇಷ್ಟು ಅಂತ ಲೆಕ್ಕ ಹೇಳಿ ಬಾಟಲಿಯನ್ನು ವಾಪಸ್ ಸರಿಸಿದರು.

"ಅಷ್ಟೇನಾ ಸಾಮಿ?" ಅಂದಳು ಹನುಮಕ್ಕ.

"ಅಷ್ಟೇ ಕಣಮ್ಮ. ಸಾಲು ಮುಗೀತಲ್ಲ."

"ಇವಳೂ ಅಲ್ಲಿಗೇ ನಿಲ್ಸಿದ್ಳು."

ಅವರಿಗೆ ಅರ್ಥವಾಗಲಿಲ್ಲ. ವರಲಕ್ಷ್ಮಿ ಬಾಟಲಿ ಎತ್ತಿಕೊಂಡು ಮುಂದಿನ ಸಾಲನ್ನು ತಡವರಿಸುತ್ತಾ ಒಂದೊಂದೇ ಪದ ಕೂಡಿಸಿ ಓದಿದಳು. ಆಮೇಲೆ ಕನ್ನಡದಲ್ಲಿ ಹೇಳಿದಳು, "ಗಬ್ಬದ ಮೇಕೆಗೆ ಕೊಡಬಾರದು." ಶಂಕರಲಿಂಗಪ್ಪ ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು.

"ನಾಳೆಯಿಂದ ಬೆಳಗಿನ ಕ್ಲಾಸ್ ನಂದು," ಅಂದೆ.

ಹನುಮಕ್ಕ ಅವರನ್ನೂ ನನ್ನನ್ನೂ ನೋಡಿದಳು. ಮೊಮ್ಮಗಳ ತೋಳು ಹಿಡಿದು ನನ್ನ ಕಡೆ ತಳ್ಳಿದಳು.

"ನೀನು ಪೂರ್ತಿ ಓದ್ಸಮ್ಮ. ಹೋದ ಮರಿಗಳಂತೂ ಬರಾಕಿಲ್ಲ."