ಡ್ರೈವರ್ ನೀಲಪ್ಪನವರ ಸೈಕಲ್ಲು

ಎದುರಿನಿಂದ ಬರುವ ಬಸ್ಸು ಯಾವುದೇ ಇರಲಿ, ನೀಲಪ್ಪನವರ ಬಲಗೈ ಹ್ಯಾಂಡಲ್ ಬಿಟ್ಟು ತಾನಾಗಿಯೇ ಅರ್ಧ ಮೇಲೇಳುತ್ತದೆ. ಮೂರು ದಶಕಗಳ ಹತ್ತಿರ ಬಾಗಲಕೋಟೆ, ಕೆರೂರ, ಬಾದಾಮಿಗಳ ನಡುವೆ ಬಸ್ಸು ಓಡಿಸಿದ ಕೈ ಅದು. ಎದುರಿನ ಚಾಲಕನಿಗೆ ವಂದಿಸುವುದು ಅದಕ್ಕೆ ಉಸಿರಾಟದಷ್ಟೇ ಸಹಜ. ಡೊಂಕು ಹ್ಯಾಂಡಲ್ಲಿನ ತೆಳುಗಾಲಿಯ ಸೈಕಲ್ಲಿನ ಮೇಲೆ ಬಾಗಬೇಕಾದ ದೇಹ ಇಂದಿಗೂ ಬಸ್ಸಿನ ಆಸನದಲ್ಲಿದ್ದಂತೆ ನೆಟ್ಟಗಿರುತ್ತದೆ. ಮೈಮೇಲೆ ಮಾಸಿದ ಖಾಕಿ ಅಂಗಿ, ಕಿಸೆಯಲ್ಲಿ ಕಾಗದದಲ್ಲಿ ಸುತ್ತಿದ ಬೆಲ್ಲದ ತುಣುಕು, ಪ್ರತಿ ಮಾತಿನ ತುದಿಗೆ ‘ಹಿಂಗದ ನೋಡ್ರಿ’ ಎಂಬ ಪಲ್ಲವಿ.

ಬೆಲ್ಲಕ್ಕೊಂದು ಕಾರಣವಿದೆ. ನಿವೃತ್ತಿ ಸಮೀಪಿಸಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಮರೆತು ಹೊರಟಿದ್ದ ಅವರಿಗೆ ಕೆರೂರ ದಾಟಿದ ಮೇಲೆ ಸಕ್ಕರೆ ತೀರ ಇಳಿದು ಕಣ್ಣು ಮಂಜಾಯಿತು. ಪ್ರಜ್ಞೆ ಜಾರುತ್ತಿರುವಾಗಲೂ ಬಸ್ಸನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದರು. ಆಮೇಲೆಯೇ ತಲೆ ಸ್ಟೇರಿಂಗಿನ ಮೇಲೆ ವಾಲಿತು. ಒಳಗಿದ್ದವರ ಕೂದಲೂ ಕೊಂಕಲಿಲ್ಲ. ಆದರೆ ವೈದ್ಯರು ಇನ್ನು ಬಸ್ಸು ಮುಟ್ಟಕೂಡದೆಂದರು. ಉಳಿದ ಅವಧಿಯನ್ನು ಡಿಪೋದ ಮೂಲೆಯ ಕುರ್ಚಿಯಲ್ಲಿ ಸವೆಸಿ ಕೆರೂರಿನ ಮನೆಗೆ ಬಂದ ನೀಲಪ್ಪ ಹೊಸ್ತಿಲು ದಾಟುವುದನ್ನೇ ಬಿಟ್ಟರು. ಯಾರಾದರೂ ಡ್ರೈವರ್ ಸಾಹೇಬರೆಂದು ಕರೆದರೆ ಸತ್ತವರ ಹೆಸರು ಹಿಡಿದಂತೆ ಕೇಳಿಸುತ್ತಿತ್ತು. ದಿನಾ ನಡೆಯಬೇಕೆಂದು ದವಾಖಾನೆಯಲ್ಲಿ ಹೇಳಿದ್ದರು. ಎಲ್ಲಿಗೂ ಹೋಗಬೇಕಿಲ್ಲದ ಕಾಲು ಯಾಕಾದರೂ ನಡೆದೀತು? ಹೆಂಡತಿ ದುರಗವ್ವ ಬೇಡಿ, ಗದರಿ, ಕೊನೆಗೆ ಎದುರುಮನೆಯ ರಂಜಾನಬಿಯ ಮುಂದೆ ಕಣ್ಣೀರು ಹಾಕಿದರು.

ರಂಜಾನಬಿ ಕೆರೂರಿನ ಶಾಲೆಯೊಂದರಲ್ಲಿ ಆಟ ಕಲಿಸುವ ಟೀಚರು. ಹುಡುಗಿಯಾಗಿದ್ದಾಗ ರಾಜ್ಯಮಟ್ಟದ ಸೈಕಲ್ ರೇಸುಗಳಲ್ಲಿ ಓಡಿದಾಕೆ. ರೇಸು ಬಿಟ್ಟರೂ ಸೈಕಲ್ಲು ಬಿಟ್ಟಿರಲಿಲ್ಲ. ಗೋಡೆಗೆ ತೂಗುಹಾಕಿದ್ದ ತನ್ನ ಹಳೆಯ ರೇಸಿನ ಸೈಕಲ್ಲನ್ನು ಇಳಿಸಿ, ಒರೆಸಿ, ಗಾಳಿ ತುಂಬಿ, ಮರುದಿನ ಬೆಳಿಗ್ಗೆ ಅದನ್ನು ನೀಲಪ್ಪನವರ ಅಂಗಳದಲ್ಲಿ ತಂದು ನಿಲ್ಲಿಸಿದಳು.

“ಇದಕ್ಕ ಲೈಸೆನ್ಸ್ ಬೇಕಾಗಿಲ್ಲ, ಕಾಕಾ. ನಾ ಬಾಜೂಕ ಇರ್ತೇನಿ, ಬರ್ರಿ.”

ಆ ಮಾತಿಗೆ ಎದ್ದವರು ಬೇಗನೆ ಬಿದ್ದರು. ಗೇರು ಬದಲಿಸಿದಾಗಲೆಲ್ಲ ಅವರ ಎಡಗಾಲು ಅಲ್ಲಿಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತು; ಪೆಡಲು ತಪ್ಪಿ ಗಾಡಿ ಓಲಾಡುತ್ತಿತ್ತು. ಮೂರನೆಯ ದಿನ ಹಿಂದಿನಿಂದ ಬಂದ ಬಸ್ಸೊಂದು ಹಾರ್ನ್ ಹೊಡೆದದ್ದೇ ತಡ, ಸಮತೋಲ ಕಳೆದು ನೀಲಪ್ಪ ಜಾಲಿಯ ಪೊದೆಗೆ ಬಿದ್ದರು. ಜೀವಮಾನವೆಲ್ಲ ತಾವೇ ಒತ್ತಿದ ಹಾರ್ನಿಗೆ ತಮ್ಮ ಎದೆಯೇ ಇಷ್ಟು ನಡುಗೀತೆಂದು ಅವರು ಎಣಿಸಿರಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದು, ಅದನ್ನು ವಾಪಸು ಕೊಟ್ಟುಬಿಡೆಂದು ಹೆಂಡತಿಗೆ ಹೇಳಿ ಗೋಡೆಗೆ ಮುಖ ಮಾಡಿ ಕುಳಿತರು.

ದುರಗವ್ವ ಪಿನ್ನು ತಂದು, ಗಂಡನ ಅಂಗೈ ತೊಡೆಯ ಮೇಲಿಟ್ಟುಕೊಂಡು, ಮುಳ್ಳುಗಳನ್ನು ಒಂದೊಂದಾಗಿ ತೆಗೆದರು. ಕೊನೆಯ ಮುಳ್ಳು ಬಂದ ಮೇಲೆ ಮೆಲ್ಲಗೆ ಹೇಳಿದರು: “ಊರ ಮಂದಿ ಜೀವಾ ಕಾದ್ರಿ. ಈಗ ನನ್ನ ಸಲುವಾಗಿ ನಿಮ್ಮ ಜೀವಾ ಕಾಯ್ರಿ.”

ಬೆಳಗಾದಾಗ ನೀಲಪ್ಪ ಮತ್ತೆ ರಂಜಾನಬಿಯ ಬಾಗಿಲಲ್ಲಿ ನಿಂತಿದ್ದರು. ಆಕೆ ತನ್ನ ಸೈಕಲ್ಲು ತೆಗೆದು ಜೊತೆಗೆ ಹೊರಟಳು. ಬಸ್ಸಿನ ಸದ್ದು ಬಂದಾಗ ಹಿಂದಿರುಗಿ ನೋಡದೆ ಅಂಚಿನ ಬಿಳಿಗೆರೆ ಹಿಡಿದು ಹೋಗುವುದನ್ನು, ಏರಿನಲ್ಲಿ ಕಾಲಿಗಿಂತ ಮೊದಲು ಉಸಿರನ್ನು ಹದಗೊಳಿಸುವುದನ್ನು ತಿಂಗಳುಗಟ್ಟಲೆ ಕಲಿಸಿದಳು.

ಚಳಿಗಾಲದ ಒಂದು ಮುಂಜಾನೆ ಅವರು ಮೊದಲ ಬಾರಿಗೆ ಒಬ್ಬರೇ ಬಾದಾಮಿಗೆ ಹೊರಟರು. ಅರ್ಧ ಹಾದಿಯಲ್ಲಿ ಕುರಿಹಿಂಡು ಅಡ್ಡ ಬಂತು. ಬಸ್ಸಿನ ಕಾಲದಲ್ಲಾದರೆ ಅಂಗೈ ಹಾರ್ನಿನ ಮೇಲಿರುತ್ತಿತ್ತು. ಈಗ ಕಾಲೂರಿ ನಿಂತರು. ಹಿಂಡಿನ ಯಜಮಾನ ಬೀರಲಿಂಗ ಖಾಕಿ ಅಂಗಿಯನ್ನು ದಿಟ್ಟಿಸಿ ನೋಡಿ, ಹತ್ತಿರ ಬಂದು, ಕಂಬಳಿ ಸರಿಪಡಿಸಿಕೊಂಡು ನಕ್ಕ.

“ಇಷ್ಟ ವರ್ಷ ನಿಮ್ಮ ಹಾರ್ನ್ ಕೇಳೇನ್ರಿ. ನಿಮ್ಮ ಮಾರಿ ಹತ್ತರದಿಂದ ಇವತ್ತ ನೋಡಿದ್ನಿ.”

ಇಬ್ಬರೂ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ರೊಟ್ಟಿ ಹಂಚಿಕೊಂಡರು. ಅಲ್ಲಿಂದ ಮುಂದೆ ನೀಲಪ್ಪನವರಿಗೆ ಆ ದಾರಿ ಹೊಸದಾಗಿ ಕೇಳಿಸತೊಡಗಿತು: ಜೋಳದ ಗರಿಗಳ ಮರ್ಮರ, ಎಲ್ಲೋ ಹೊಲದಾಚೆ ಕೂಗಿದ ನವಿಲು, ಇಂಜಿನ್ನಿನ ಗರ್ಜನೆಯಲ್ಲಿ ಎಂದೂ ಕೇಳಿರದ ತಮ್ಮದೇ ಉಸಿರು. ಏರು ಮುಗಿದು ಕೆಂಪುಬಂಡೆಗಳ ಸಾಲು ಕಣ್ಣೆದುರು ತೆರೆದಾಗ, ತುಳಿಯದೆ, ಬ್ರೇಕಿನ ಮೇಲೆ ಬೆರಳಿಟ್ಟು, ಇಳಿಜಾರಿಗೆ ಮೈಯೊಪ್ಪಿಸಿದರು. ಕಣ್ಣಲ್ಲಿ ನೀರಿತ್ತು, ಗಾಳಿಗೋ ಏನೋ, ಅವರಿಗೂ ತಿಳಿಯದು. ಬಾದಾಮಿಯ ಬಸ್‌ಸ್ಟ್ಯಾಂಡಿನ ಎದುರು ನಿಂತು ದುರಗವ್ವನಿಗೆ ಫೋನು ಮಾಡಿ, “ಮುಟ್ಟೇನಿ” ಎಂದರು.

ಸಕ್ಕರೆ ಈಗ ಹತೋಟಿಯಲ್ಲಿದೆ. ಅದನ್ನು ಯಾರಾದರೂ ಹೊಗಳಿದರೆ ನೀಲಪ್ಪನವರಿಗೆ ಅಷ್ಟೇನೂ ಹಿಗ್ಗಿಲ್ಲ. ಹಿಗ್ಗುವುದು ರಂಜಾನಬಿಯ ಹೆಸರು ಬಂದಾಗ. ಮಗಳ ವಯಸ್ಸಿನ ಆಕೆ ಬೀದಿಯಲ್ಲಿ ಎದುರಾದರೆ ಸೈಕಲ್ಲಿನಿಂದ ಇಳಿದು ನಿಲ್ಲುತ್ತಾರೆ. ಹಾಗೆ ಇಳಿಯಬೇಡಿರೆಂದು ಆಕೆ ಎಷ್ಟು ಬೇಡಿಕೊಂಡರೂ ಕೇಳುವುದಿಲ್ಲ.

ಬಾಳು ಒಂದನ್ನು ಕಿತ್ತುಕೊಂಡಾಗ ಬಹುಮಂದಿ ಆ ಖಾಲಿ ಜಾಗವನ್ನೇ ಕಾಯುತ್ತ ಕೂಡುತ್ತಾರೆ. ಕೆಲವರು ಮಾತ್ರ, ಯಾರೋ ಚಾಚಿದ ಕೈ ಹಿಡಿದು, ಬಿದ್ದು, ಗಾಯ ತೊಳೆದುಕೊಂಡು, ನರೆತ ತಲೆಯಲ್ಲಿ ಹೊಸದೊಂದನ್ನು ಕಲಿಯುತ್ತಾರೆ. ಕಲಿಸಿದವರನ್ನು ನೆನೆಯುವುದರಲ್ಲಿ ಎಂದೂ ದಣಿಯುವುದಿಲ್ಲ. ಅಂಥವರ ಮುಪ್ಪಿನ ಜೊತೆ ಒಂದು ಗಳಿಗೆ ಕುಳಿತು ಎದ್ದರೂ ಸಾಕು, ನಮಗೂ ಯಾರಿಗೋ ಕೈಮುಗಿಯುವುದು ಬಾಕಿ ಉಳಿದಿದೆಯೆಂಬುದು ನೆನಪಾಗುತ್ತದೆ.