ಮಿಲ್ಕಾ ಎತ್ತಿಕೊಟ್ಟ ಸಾಲು

ಹಾಡಿನ ಮೊದಲ ಸಾಲನ್ನು ಅಕ್ಕ ಮಿಲ್ಕಾ ಒಬ್ಬಳೇ ಎತ್ತಿಕೊಡಬೇಕು. ಎರಡನೆಯದಕ್ಕೆ ತಂಗಿ ಪಾವ್ಲಾ ಮೇಲಿನ ದನಿಯಲ್ಲಿ ಕೂಡಿಕೊಳ್ಳಬೇಕು. ಸ್ಲೊವೇನಿಯಾದ ಹಳ್ಳಿಯಿಂದ ಅಮೆರಿಕದ ಸ್ಯಾನ್ ಪೀಡ್ರೊಗೆ ಬಂದ ಅವರಮ್ಮ ಕಲಿಸಿದ ರೀತಿ ಅದು. ಅಮ್ಮನ ಕುರಿ ಕಾಯುವ ಹಾಡೊಂದು ಈ ಇಬ್ಬರು ಮುದುಕಿಯರನ್ನು ಬಿಟ್ಟರೆ ಇನ್ನಾರಿಗೂ ಬಾರದು. ಪಾವ್ಲಾಳ ಪಕ್ಕದ ಮನೆಯ ಕುಮುದಾ ಬರ್ಬ್ಯಾಂಕಿನ ಸ್ಟುಡಿಯೋದಲ್ಲಿ ಧ್ವನಿ ಸಂಕಲನ ಮಾಡುವವಳು. ಆ ಹಾಡನ್ನು ರೆಕಾರ್ಡ್ ಮಾಡಿ ಉಳಿಸಿಕೊಡುತ್ತೇನೆಂದು ತಾನಾಗಿಯೇ ಮಾತು ಕೊಟ್ಟಿದ್ದಳು.

ಅಷ್ಟರಲ್ಲಿ ಕೊರೋನಾ ಬಂತು. ಮಿಲ್ಕಾ ಇದ್ದ ಸ್ಯಾನ್ ಡಿಯಾಗೋದ ವೃದ್ಧಾಶ್ರಮದೊಳಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. ಕುಮುದಾ ಅಕ್ಕತಂಗಿಯರನ್ನು ವಿಡಿಯೋ ಕಾಲಿನಲ್ಲಿ ಎದುರುಬದುರು ಕೂರಿಸಿ ಹಾಡಿಸಿದಳು. ಪರದೆಯ ಮೇಲೆ ಎರಡು ಬೊಚ್ಚುಬಾಯಿಗಳು ಒಟ್ಟಿಗೆ ತೆರೆದು ಮುಚ್ಚುವುದನ್ನು ನೋಡುತ್ತ ಕಣ್ಣೊರೆಸಿಕೊಂಡಳೇ ಹೊರತು ಕಿವಿಗೊಡಲಿಲ್ಲ.

ಮಾರನೆಯ ವಾರವೇ ಮಿಲ್ಕಾ ತೀರಿಕೊಂಡಳು. ಆಮೇಲೆ ರೆಕಾರ್ಡಿಂಗ್ ತೆರೆದರೆ ಮಿಲ್ಕಾಳ ಮೊದಲ ಸಾಲು ಮಾತ್ರ ಇತ್ತು. ತಂಗಿಯ ದನಿ ಸೇರಿದ ಗಳಿಗೆಯಿಂದ ವಿಡಿಯೋ ಕಾಲಿನ ಗದ್ದಲ ಸೋಸುವ ಸೆಟ್ಟಿಂಗ್ ಅಕ್ಕನ ಮೆತ್ತನೆಯ ದನಿಯನ್ನು ಗದ್ದಲವೆಂದೇ ತಿಳಿದು ಅಳಿಸಿಹಾಕಿತ್ತು. ಮೊದಲು ಆ ಸೆಟ್ಟಿಂಗ್ ಆಫ್ ಮಾಡಿ ಎಂದು ಸ್ಟುಡಿಯೋಗೆ ಬರುವ ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವಳು ಕುಮುದಾಳೇ.

ಲಸಿಕೆಯಾದ ಮೇಲೆ ಅವಳು ಪಾವ್ಲಾಳ ಅಡುಗೆಮನೆಯಲ್ಲಿ ಕುಳಿತು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಪಾವ್ಲಾ ಸಿಟ್ಟಾಗಲಿಲ್ಲ.

"ಅವತ್ತು ನಂಗೂ ಕೇಳಿಸ್ಲಿಲ್ಲ ಕಣೇ. ಅವಳ ತುಟಿ ನೋಡ್ಕೊಂಡು ಹಾಡಿದೆ."

"ಅವರ ಕೆಳಗಿನ ದನೀನೂ ನೀವೇ ಒಂದ್ಸಲ ಹಾಡಿಬಿಡಿ ಆಂಟಿ. ಎರಡನ್ನೂ ನಾನು ಸೇರಿಸ್ತೀನಿ."

ಪಾವ್ಲಾ ಹಾಡಿದಳು. ಮೂರನೆಯ ಸಾಲಿಗೆ ಬರುತ್ತಲೇ ದನಿ ಮೆಲ್ಲಗೆ ಮೇಲೇರಿ ತನ್ನ ಹಳೆಯ ಜಾಗದಲ್ಲೇ ಹೋಗಿ ಕುಳಿತಿತು. ಮತ್ತೆ ಮತ್ತೆ ಹಾಗೇ ಆಯಿತು.

"ಹುಟ್ಟಿದಾಗಿಂದ ಯಜಮಾನಿಕೆ ಅವಳದ್ದೇ," ಎಂದು ಪಾವ್ಲಾ ನಕ್ಕಳು. "ನಂಗೆಲ್ಲಿ ಬಿಟ್ಟುಕೊಟ್ಟಿದ್ಲು? ನಿಮ್ಮ ಕಡೆ ಹಾಡಿಲ್ವಾ? ಒಂದು ಹಾಡು, ಕೇಳೋಣ."

ಕುಮುದಾ ಹಸೆಯ ಹಾಡೊಂದನ್ನು ನೆನೆದಳು. ಮದುವೆಗಳಲ್ಲಿ ಸೋದರತ್ತೆ ಸಾಲು ಎತ್ತಿಕೊಡುತ್ತಿದ್ದರು, ಇವಳು ಹೆಂಗಸರ ನಡುವೆ ಕುಳಿತು ಸೋಬಾನೆ ಎನ್ನುತ್ತಿದ್ದಳು. ಈಗ ನಾಲಿಗೆಗೆ ಬಂದದ್ದು ಆ ಸೋಬಾನೆ ಒಂದೇ. ಅತ್ತೆ ಹೋಗಿ ವರ್ಷಗಳಾಗಿದ್ದವು.

"ಬರಲ್ಲ ಆಂಟಿ," ಎಂದಳು.

ಪಾವ್ಲಾ ಅವಳ ಕೈ ತಟ್ಟಿ, ಅಕ್ಕನದನ್ನು ಹಾಕು ಎಂದಳು. ಮಿಲ್ಕಾಳ ಸಾಲು ಅಡುಗೆಮನೆಯನ್ನು ತುಂಬಿತು. ಅದು ಮುಗಿಯುತ್ತಿದ್ದಂತೆ ಪಾವ್ಲಾ ಉಸಿರೆಳೆದು ಮೇಲಿನ ದನಿಯಲ್ಲಿ ಸೇರಿಕೊಂಡಳು. ಕೆಳಗೆ ಅಕ್ಕನ ದನಿಯ ಆಸರೆಯಿರಲಿಲ್ಲ. ಎರಡು ಸಾಲು ಹಾಗೇ ತೂಗಾಡಿ ನಿಲ್ಲಿಸಿದಳು.

"ಇನ್ನೊಂದ್ಸಲ ಹಾಕು."

ಕುಮುದಾ ಹಾಕಿದಳು.