ಅಪ್ಪನ ನೀಲಿ ಬೆಲ್ಟು

ಮುಂದಿನ ತಿಂಗಳು ಅಪ್ಪನ ಆಪರೇಷನ್. ಅವನ ಎಡಗಡೆಯ ಕಿಡ್ನಿ ತೆಗೆದು ಚಿಕ್ಕಪ್ಪನಿಗೆ ಹಾಕುತ್ತಾರೆ. ಇನ್ನು ಮೈಗೆ ಮೈ ತಾಗುವ ಆಟ ಬೇಡ, ಈ ಭಾನುವಾರವೇ ಕೊನೆಯಾಗಲಿ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು. ಐವತ್ತೆಂಟರ ಅಪ್ಪನಿಗೆ ನಾಲ್ಕು ವರ್ಷದಿಂದ ಜಿಯು-ಜಿಟ್ಸು ಕಲಿಸುತ್ತಿದ್ದವಳು ಅವನ ಮಗಳೇ. ಅವಳ ಚೀಲದಲ್ಲಿ ಇಂದು ಹೊಸ ನೀಲಿ ಬೆಲ್ಟೊಂದು ಇತ್ತು. ಕೊಡಲೋ ಬೇಡವೋ ಎಂದು ವಾರದಿಂದ ಅವಳ ಮನಸ್ಸು ಹೊಯ್ದಾಡುತ್ತಿತ್ತು.

ತರಗತಿ ಮುಗಿದು ಉಳಿದವರೆಲ್ಲ ಹೊರಟಾಗ ಚಿಕ್ಕಪ್ಪ ಮಾತ್ರ ಗೋಡೆಗೊರಗಿ ಕುಳಿತಿದ್ದ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡು ಸೊರಗಿದ್ದ ಅವನು, ಅಣ್ಣ ತನಗಾಗಿ ಏನನ್ನು ಬಿಡುತ್ತಿದ್ದಾನೆಂದು ನೋಡಲು ಮೊದಲ ಸಲ ಬಂದಿದ್ದ.

"ಇದೇನಣ್ಣಾ, ಕರಾಟೆನಾ?"

"ಅಲ್ವೋ. ಹೊಡೆಯೋದು ಒದೆಯೋದು ಇಲ್ಲ. ನೆಲಕ್ಕೆ ಕೆಡವಿ, ಹಿಡಿದು, ಕತ್ತನ್ನೋ ಕೈಯನ್ನೋ ಸಿಕ್ಕಿಸೋದು. ತಡೆಯೋಕಾಗ್ಲಿಲ್ಲ ಅಂದ್ರೆ ಎರಡು ಸಲ ತಟ್ಟು, ತಕ್ಷಣ ಬಿಡ್ತಾರೆ. ನೂರು ವರ್ಷದ ಹಿಂದೆ ಜಪಾನಿನ ಜೂಡೊ ಪಟು ಒಬ್ಬ ಬ್ರೆಜಿಲ್‌ಗೆ ಹೋಗಿ ಕಲಿಸಿದ. ಅಲ್ಲಿನ ಒಂದು ಮನೆತನದ ಅಣ್ಣ ತಮ್ಮಂದಿರು ಅದನ್ನ ಬೆಳೆಸಿದ್ರು. ಅವರಲ್ಲಿ ಒಬ್ಬ ತಮ್ಮ ನಿನ್ನ ಹಾಗೇ ಪೀಚು. ಬಲ ಸಾಲದೆ ಸನ್ನೆಕೋಲಿನ ಲೆಕ್ಕ ಹಿಡಿದನಂತೆ."

"ಅಂತೆ," ಎಂದಳು ಮಗಳು. "ಎಲ್ಲಾ ಅವನೊಬ್ಬನೇ ಮಾಡಿದ್ದಲ್ಲ ಅನ್ನೋರೂ ಇದ್ದಾರೆ ಅಪ್ಪ."

"ಪೀಚು ತಮ್ಮಂದಿರಿಗೆ ಯಾರೂ ಹೆಸರು ಕೊಡಲ್ಲ ಬಿಡಮ್ಮ," ಎಂದ ಚಿಕ್ಕಪ್ಪ. "ಈ ಬೆಲ್ಟ್‌ಗಳ ಕತೆ ಏನು?"

"ದೊಡ್ಡವರಿಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು," ಎಂದ ಅಪ್ಪ. "ಕಪ್ಪಿಗೆ ಸುಮಾರು ಹತ್ತು ವರ್ಷ ಹಿಡಿಯುತ್ತೆ. ಅದಾದ ಮೇಲೂ ಮೆಟ್ಟಿಲುಗಳಿವೆ. ತುದೀಲಿ ಕೆಂಪು, ಅದು ಬರೋ ಹೊತ್ತಿಗೆ ತಲೆ ಬೆಳ್ಳಗಾಗಿರುತ್ತೆ." ತನ್ನ ಬಿಳಿ ಬೆಲ್ಟಿನ ತುದಿಗೆ ಸುತ್ತಿದ್ದ ನಾಲ್ಕು ಟೇಪು ಪಟ್ಟಿಗಳನ್ನು ತೋರಿಸಿದ. "ನಾಲ್ಕಾಯ್ತು. ಐದನೇ ಪಟ್ಟಿ ಅಂತ ಇಲ್ಲ. ಇನ್ನು ನೀಲಿನೇ."

"ಪರೀಕ್ಷೆ ಇರುತ್ತಾ?"

"ಎಷ್ಟೋ ಕಡೆ ಇಲ್ಲ. ಗುರುವಿಗೆ ಸರಿ ಅನ್ನಿಸಿದ ದಿನ ಕಟ್ತಾರೆ."

"ಗುರು ಮನೇಲೇ ಇದ್ದಾಳಲ್ಲ. ಏ ಪುಟ್ಟಿ, ಇವತ್ತೇ ಕಟ್ಟಿಬಿಡು. ಕಿಡ್ನಿನೇ ಕೊಡ್ತಿದ್ದಾನೆ, ಒಂದು ಬಟ್ಟೆಪಟ್ಟಿಗೆ ಜಿಪುಣತನ ಯಾಕೆ?"

ಅವಳ ಕೈ ಚೀಲದತ್ತ ಹೋಯಿತು. ಅಪ್ಪ ಅದನ್ನು ನೋಡಿದ.

"ಕಿಡ್ನಿಗೆ ಬೆಲ್ಟ್ ಕೊಡ್ತೀಯೇನಮ್ಮ? ಅದನ್ನ ಬೇಕಾದ್ರೆ ಆಸ್ಪತ್ರೆಯವರು ಕೊಡಲಿ. ನೀನು ಆಟಕ್ಕೆ ಕೊಡು." ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವನು ಅವನು. "ಒಂದು ಕೂದಲೆಳೆ ಹೆಚ್ಚುಕಮ್ಮಿ ಇದ್ದ ಷಾಫ್ಟನ್ನ ನಾನು ಪಾಸ್ ಮಾಡಿದವನಲ್ಲ. ನೀನೋ, ನಾಲ್ಕು ವರ್ಷದಲ್ಲಿ ನನ್ನ ಮೇಲೆ ಒಂದು ಸಲಾನೂ ಪೂರ್ತಿ ಭಾರ ಹಾಕಿಲ್ಲ. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಮಗಳು ಚೀಲದಿಂದ ಕೈ ಹಿಂದಕ್ಕೆಳೆದುಕೊಂಡಳು. ಅಪ್ಪನ ಮೇಲಿದ್ದಾಗಲೆಲ್ಲ ಅವಳು ಮೊಣಕೈ ನೆಲಕ್ಕೂರಿ ಅರ್ಧ ಭಾರ ತಾನೇ ಹೊತ್ತಿದ್ದಳು. ಹಾಗಾಗಿ ಅಪ್ಪ ನಿಜಕ್ಕೂ ನೀಲಿಗೆ ತಕ್ಕವನೋ ಅಲ್ಲವೋ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಗಡಿಯಾರಕ್ಕೆ ಐದು ನಿಮಿಷ ಇಟ್ಟು ಎದುರು ಕುಳಿತಳು.

ಮೊದಲ ನಿಮಿಷದಲ್ಲೇ ಕೊರಳಪಟ್ಟಿ ಹಿಡಿದು ಕತ್ತು ಬಿಗಿದಳು. ಅಪ್ಪ ತಟ್ಟಿದ. ಎರಡನೆಯ ಸಲ ಅವನು ಹೆಚ್ಚು ಹೊತ್ತು ತಡೆದ, ಆದರೂ ತಟ್ಟಿದ. ಮೂರನೆಯ ಸಲ ಅವಳು ಅಡ್ಡ ಬಿದ್ದು ಅದುಮಿದಾಗ ಅವನು ಗಾಬರಿಯಾಗಲಿಲ್ಲ, ಉಸಿರು ಹಿಡಿದು ಸಂದಿಗಾಗಿ ಕಾದ. ಈಗ ಮೊಣಕೈ, ಈಗ ಮೊಣಕೈ, ಎಂದು ಅವಳು ಒಳಗೊಳಗೇ ಹಾರೈಸುತ್ತಿದ್ದಳು. ಅಪ್ಪ ಸೊಂಟ ತಿರುಗಿಸಿದ. ಕೈ ಸಿಕ್ಕಿಬಿತ್ತು. ತಟ್ಟಿದ.

"ನೀಲಿಗೆ ಇನ್ನೆಷ್ಟು ಬಾಕಿ?" ಏದುಸಿರಿನಲ್ಲೇ ಕೇಳಿದ.

ಅವಳು ಗಡಿಯಾರ ನಿಲ್ಲಿಸಿದಳು. "ಆರು ತಿಂಗಳು ಅಪ್ಪ."

ಚೀಲ ಇದ್ದಲ್ಲೇ ಇತ್ತು. "ನನ್ನಿಂದಾಗಿ..." ಎಂದು ಚಿಕ್ಕಪ್ಪ ಶುರುಮಾಡಿದ.

"ಸುಮ್ನಿರೋ. ನಿನ್ನಿಂದಲ್ಲ, ನನ್ನ ಸೊಂಟದಿಂದ." ಅಪ್ಪನ ಮುಖದಲ್ಲಿ ಬೇಸರವಿರಲಿಲ್ಲ. ಬಹಳ ದಿನದಿಂದ ಹುಡುಕುತ್ತಿದ್ದ ಅಳತೆ ಕೊನೆಗೂ ಕೈಗೆ ಸಿಕ್ಕವನಂತೆ ಮಗಳ ಬೆನ್ನು ಸವರಿದ. "ಅಳೋದನ್ನ ಮನೇಲಿ ಇಟ್ಕೊಳಮ್ಮ. ಈ ಹಾಲ್ ಖಾಲಿ ಮಾಡೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಎಲ್ಲಿ ತಪ್ಪಿತು ತೋರಿಸು."

"ಸೊಂಟ ಮೊದಲು ತಿರುಗಿಸಿದ್ರಿ. ಮೊಣಕೈ ಒಳಗೆ ಬಂದು ಜಾಗ ಆದ ಮೇಲೆ ಸೊಂಟ."

ಅಪ್ಪ ಬೆಲ್ಟು ಬಿಗಿಮಾಡಿಕೊಂಡು ಅಂಗಾತ ಮಲಗಿದ. ಅವಳು ಕಣ್ಣೊರೆಸಿಕೊಂಡು ಅವನೆದೆಯ ಮೇಲೆ ಅಡ್ಡಲಾಗಿ ಒರಗಿದಳು.

"ಉಸಿರಾಡೋಕೆ ಆಗ್ತಿದೆಯಾ ಅಪ್ಪ?"

"ಆಗ್ತಿದೆ. ಇನ್ನೂ ಸ್ವಲ್ಪ ಭಾರ ಹಾಕು."

ಅವಳು ಹಾಕಿದಳು.